ಯಾರ ಹೆಸರಿನಲ್ಲಿ?

ಖಾನಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಬೀಸುವ ಪದ ಹಾಡಿ ಮುಗಿಸಿದ ಅಜ್ಜಿ, ನನ್ನ ಮೊಬೈಲು ನೋಡುತ್ತ ಕೇಳಿದ್ದರು: ‘ಇದನ್ನ ಯಾರ ಹೆಸರ್ಲೆ ಇಡ್ತಿ ತಮ್ಮಾ?’ ‘ನಿಮ್ಮ ಹೆಸರ್ಲೇ ಇಡ್ತೀನಿ ಬಿಡ್ರಿ ಆಯಿ’ ಎಂದು ಮಾತು ಕೊಟ್ಟು ಬೆಳಗಾವಿಗೆ ಮರಳಿದೆ. ಗೆಳೆಯರು ಸೇರಿ ನಡೆಸುತ್ತಿದ್ದ ಸರ್ವರಿನಲ್ಲಿ ಹಾಡುಗಳಿಗೊಂದು ಪುಟ ಮಾಡಿದೆ. ಆದರೆ ಪುಟದ ಮೂಲಕ ಹಾಡು ಏರಿಸಲು ಹೋದಾಗಲೆಲ್ಲ ‘ಅನುಮತಿ ಇಲ್ಲ’ ಎಂಬ ಉತ್ತರ. ಫೋಲ್ಡರು ಮಾಡಿದವನು ನಾನೇ. ನನಗೇ ಅನುಮತಿ ಇಲ್ಲವೆಂದರೆ?

ಕಡತ ಬರೆಯುತ್ತಿದ್ದವನು ನಾನಲ್ಲ, ನನ್ನ ಪರವಾಗಿ ವೆಬ್ ಸರ್ವರ್ ಎಂಬುದು ಆಮೇಲೆ ತಿಳಿಯಿತು. ಲಿನಕ್ಸಿನಲ್ಲಿ ಪ್ರತಿ ಕೆಲಸವೂ ಯಾವುದಾದರೊಂದು ಖಾತೆಯ ಹೆಸರಿನಲ್ಲೇ ನಡೆಯಬೇಕು. ಉಬುಂಟುವಿನಲ್ಲಿ ವೆಬ್ ಸರ್ವರಿನ ಖಾತೆ ಸಾಮಾನ್ಯವಾಗಿ ‘ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ’, ಫೆಡೋರಾದಲ್ಲಿ ‘ಅಪಾಚೆ’. 80, 443ನೇ ಪೋರ್ಟುಗಳನ್ನು ತೆರೆಯಲು ಸರ್ವರ್ ಸರ್ವಾಧಿಕಾರಿ ‘ರೂಟ್’ ಆಗಿ ಶುರುವಾಗಿ, ಜನರಿಗೆ ಉತ್ತರಿಸುವ ಕೆಲಸವನ್ನು ಈ ಬಡ ಖಾತೆಗೆ ಒಪ್ಪಿಸುತ್ತದೆ. ಯಾರಾದರೂ ದೋಷ ಹಿಡಿದು ಒಳನುಗ್ಗಿದರೂ ಕೈಗೆ ಸಿಗುವುದು ಅಷ್ಟೇ ಅಧಿಕಾರ. ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಇರಲಿ ಎಂಬ ಈ ತತ್ವವನ್ನು ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ 1975ರ ತಮ್ಮ ಪ್ರಬಂಧದಲ್ಲಿ ವಿವರಿಸಿದ್ದರು.

ಆ ಖಾತೆ ಯಾವುದೆಂದು ಹುಡುಕುವಾಗ ಎಡವುವುದು ಸುಲಭ. ‘ಹೂ ಆಮ್ ಐ’ ಎಂಬ ಆದೇಶವಿದೆ. ನಾನು ಟೈಪಿಸಿದರೆ ನನ್ನ ಹೆಸರನ್ನೇ ಹೇಳುತ್ತದೆ. ಪಿಎಚ್‌ಪಿಯಲ್ಲಿ ‘ಗೆಟ್ ಕರೆಂಟ್ ಯೂಸರ್’ ಎಂದರೆ ಸಿಗುವುದು ಆ ಕಡತದ ಒಡೆಯನ ಹೆಸರು. ನಿಜವಾಗಿ ಓಡುತ್ತಿರುವವನನ್ನು ತಿಳಿಯಲು ‘ಪಿಎಸ್’ ಆದೇಶ ಕೊಟ್ಟು, ಓಡುತ್ತಿರುವ ಕೆಲಸಗಳ ಪಟ್ಟಿಯನ್ನೇ ನೋಡಬೇಕು. ಕೇಳುವವನು, ಬರೆದವನು, ಮಾಡುವವನು ಮೂವರೂ ಬೇರೆ ಬೇರೆ.

ನಾನು ಅಷ್ಟು ದೂರ ಹೋಗಲಿಲ್ಲ. ಯಾರೋ ಹೇಳಿದರೆಂದು ಫೋಲ್ಡರಿಗೆ 777 ಕೊಟ್ಟೆ. ಅಂದರೆ ಆ ಯಂತ್ರದಲ್ಲಿ ಖಾತೆಯಿರುವ ಯಾರು ಬೇಕಾದರೂ ಓದಬಹುದು, ಬರೆಯಬಹುದು, ಅಳಿಸಬಹುದು. ಹಾಡು ಏರಿತು. ಮೊಬೈಲಿನಲ್ಲಿ ಜಾಗವಿಲ್ಲವೆಂದು ಅಲ್ಲಿದ್ದ ಪ್ರತಿಯನ್ನು ಅಳಿಸಿಬಿಟ್ಟೆ. ಕೆಲವು ವಾರಗಳ ಮೇಲೆ ನೋಡಿದರೆ ಸರ್ವರಿನ ಫೋಲ್ಡರೂ ಖಾಲಿ. ಯಾರು ಅಳಿಸಿದರು? ಗೆಳೆಯರಲ್ಲಿ ಯಾರಿಗೂ ನೆನಪಿಲ್ಲ. ಅಳಿಸಿದವರ ಹೆಸರು ಎಲ್ಲಿಯೂ ದಾಖಲಾಗಿರಲಿಲ್ಲ. ‘ಸರ್ವರಿನಲ್ಲಿ ಏನೋ ಆಗಿದೆ’ ಎಂದು ನಾವೆಲ್ಲ ಒಪ್ಪಿಕೊಂಡೆವು. ಕರ್ತೃವಿಲ್ಲದ ಆ ವಾಕ್ಯ ಎಲ್ಲರಿಗೂ ಅನುಕೂಲವಾಗಿತ್ತು.

ಇನ್ನೊಬ್ಬರ ಹೆಸರಿನಲ್ಲಿ ಕೆಲಸ ಮಾಡುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಸರ್ಕಾರಿ ಆದೇಶ ರಾಜ್ಯಪಾಲರ ಹೆಸರಿನಲ್ಲೇ ಹೊರಡುತ್ತದೆ. ಆದರೆ ಕೆಳಗೆ ಅಧಿಕಾರಿಯೊಬ್ಬರ ಸಹಿ ಇರುತ್ತದೆ. ಖಾನಾಪುರ ತಾಲ್ಲೂಕಿನ ಕಕ್ಕೇರಿ ಡೋಹರ ಕಕ್ಕಯ್ಯನವರ ಐಕ್ಯಸ್ಥಳವೆಂದು ಹೆಸರಾದದ್ದು. ಅವರ ವಚನಗಳ ಅಂಕಿತ ಅಭಿನವ ಮಲ್ಲಿಕಾರ್ಜುನ. ಹೀಗೆ ಬಹುತೇಕ ವಚನಕಾರರು ತಮ್ಮ ಹೆಸರು ಬಿಟ್ಟು ಇಷ್ಟದೈವದ ಹೆಸರಿಟ್ಟರು. ಆದರೂ ನುಡಿದವರು ಮರೆಯಾಗಲಿಲ್ಲ, ಏಕೆಂದರೆ ಅಂಕಿತಗಳು ಬೇರೆ ಬೇರೆ. ಅಂಬಿಗರ ಚೌಡಯ್ಯನವರಂತೂ ತಮ್ಮ ಹೆಸರನ್ನೇ ಅಂಕಿತ ಮಾಡಿಕೊಂಡರು. ಎಲ್ಲರೂ ಬರೀ ‘ದೇವರು’ ಎಂದು ಸಹಿ ಹಾಕಿದ್ದರೆ ವಿನಯ ಯಾವುದು, ನುಣುಚಿಕೊಳ್ಳುವುದು ಯಾವುದು ಎಂದು ತಿಳಿಯುತ್ತಿರಲಿಲ್ಲ.

ಹಾಗಾಗಿ ಮಾಡಿದವರು ಯಾರು ಎಂದು ಕೇಳಿದರಷ್ಟೇ ಸಾಲದು. ಮಾಡಲು ಬಿಟ್ಟವರು ಯಾರು ಎಂದೂ ಕೇಳಬೇಕು. ಅಳಿಸಿದ ಕೈ ಯಾರದೋ ನನಗೆ ಈಗಲೂ ಗೊತ್ತಿಲ್ಲ. 777 ಒತ್ತಿದ ಕೈ ನನ್ನದು.

ಈಗ ಫೋಲ್ಡರಿನ ಒಡೆಯ ನಾನು. ನನ್ನ ಹೊರತು ಬರೆಯುವ ಅನುಮತಿ ಇರುವುದು ಸರ್ವರಿನ ಖಾತೆಗೆ ಮಾತ್ರ. ಯಾರು ಯಾವಾಗ ಏನು ಬದಲಿಸಿದರೆಂದು ಬರೆದಿಡುವ ಪುಸ್ತಕವೂ ಇದೆ. ಆ ಹಳ್ಳಿಗೆ ಮತ್ತೆ ಹೋಗಿದ್ದೆ. ‘ಸರ್ವರ್ ಕೆಟ್ಟಿತ್ತು’ ಎಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡಿದ್ದೆ. ಅವರ ಮುಂದೆ ಕೂತಾಗ ಬಂದದ್ದು ಬೇರೆ ಮಾತು: ‘ನಿಮ್ಮ ಹಾಡು ಕಳದೀನ್ರಿ ಆಯಿ.’ ಅವರು ಬೈಯಲಿಲ್ಲ. ಮತ್ತೆ ಹಾಡಿದರು. ನಡುವೆ ಎರಡು ಸಾಲು ಅವರಿಗೆ ನೆನಪಾಗಲಿಲ್ಲ.