ಹೆಸರು ಕೊಟ್ಟವರ ಕಣ್ಣು

ಅಂಗಡಿಯ ಬಾಡಿಗೆ ಕಟ್ಟುವವರು ನೀವು, ಹುಡುಗರಿಗೆ ಸಂಬಳ ಕೊಡುವವರು ನೀವು, ನಷ್ಟವಾದರೆ ಊರಿನ ತೋಟ ಅಡವಿಡುವವರೂ ನೀವೇ. ಬೋರ್ಡಿನ ಮೇಲಿನ ಹೆಸರು ಮಾತ್ರ ಇನ್ನೊಬ್ಬರದು. ಆ ಹೆಸರಿನ ಒಡೆಯರ ಕಡೆಯವರು ಹೇಳದೆ ಕೇಳದೆ ಬಂದು ಫ್ರಿಜ್ ತೆರೆದರೆ, ಲೆಕ್ಕಪತ್ರ ಕೇಳಿದರೆ, ತೋರಿಸಲೇಬೇಕೇ? ಫ್ರಾಂಚೈಸಿ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ತೋರಿಸಬೇಕೆಂದೇ ಬರೆದಿರುತ್ತದೆ. ಸಹಿ ಹಾಕಿದ ಮೇಲೆ ಕಾನೂನಿನ ಪ್ರಶ್ನೆ ಬಹುಪಾಲು ಮುಗಿಯಿತು. ನ್ಯಾಯದ ಪ್ರಶ್ನೆ ಉಳಿಯುತ್ತದೆ.

ಈ ಹಕ್ಕು ಮೊದಲು ಹುಟ್ಟುವುದು ಗಿರಾಕಿಯ ನಂಬಿಕೆಯಿಂದ. ಮುಲ್ಕಿ ಕಡೆಯಿಂದ ಮುಂಬಯಿಗೆ ಬಂದ ರಘುನಂದನ ಕಾಮತರು 1984ರಲ್ಲಿ ಜುಹೂವಿನಲ್ಲಿ ನ್ಯಾಚುರಲ್ಸ್ ಐಸ್‌ಕ್ರೀಮ್ ಅಂಗಡಿ ತೆರೆದರು. ಇಂದು ಅದರ ಫ್ರಾಂಚೈಸಿಗಳು ಹಲವು ಊರುಗಳಲ್ಲಿವೆ. ಎಳನೀರು ಐಸ್‌ಕ್ರೀಮ್ ಕೊಳ್ಳುವ ನಾವು ಈ ಅಂಗಡಿ ಯಾರದು ಎಂದು ಕೇಳುತ್ತೇವೆಯೇ? ಹೆಸರು ನೋಡಿ ದುಡ್ಡು ಕೊಡುತ್ತೇವೆ. ಹಾಗಿರುವಾಗ ಹೆಸರನ್ನು ಕೊಟ್ಟು ಕಣ್ಣು ಮುಚ್ಚಿಕೊಳ್ಳುವ ಯಾವುದೇ ಕಂಪನಿ ಗಿರಾಕಿಗೇ ಮೋಸ ಮಾಡಿದಂತೆ. ನಮ್ಮ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 50ನೇ ಕಲಮು ಇದನ್ನು ಗುರುತಿಸಿದೆ: ಗುಣಮಟ್ಟದ ಷರತ್ತನ್ನು ಜಾರಿಯಲ್ಲಿಡದಿದ್ದರೆ ನೋಂದಾಯಿತ ಬಳಕೆದಾರನ ನೋಂದಣಿಯನ್ನೇ ರದ್ದು ಮಾಡಬಹುದು. ಅಂದರೆ ನೋಡುವುದು ಹಕ್ಕಷ್ಟೇ ಅಲ್ಲ, ಕರ್ತವ್ಯವೂ ಹೌದು.

ಹೆಸರಿನ ಒಡೆಯನಿಗೂ ಅಂಗಡಿಯವನಿಗೂ ನಂಟು ಕಡಿದರೆ ಏನಾಗುತ್ತದೆಂಬುದನ್ನು ಉತ್ತರ ಭಾರತ ಕಂಡಿದೆ. ಮುಂಬಯಿಯ ಮೆಕ್‌ಡೊನಾಲ್ಡ್ಸ್ ಅಂಗಡಿಗಳನ್ನು ನಡೆಸುವ ಸಂಸ್ಥೆ ಬೇರೆ. ಉತ್ತರ ಮತ್ತು ಪೂರ್ವದಲ್ಲಿ ಕಂಪನಿಯ ಪಾಲುದಾರರಾಗಿದ್ದವರು ವಿಕ್ರಮ್ ಬಕ್ಷಿ. 2017ರ ಆಗಸ್ಟ್‌ನಲ್ಲಿ ಕಂಪನಿ ಅಲ್ಲಿನ 169 ಅಂಗಡಿಗಳ ಫ್ರಾಂಚೈಸಿಯನ್ನು ರದ್ದು ಮಾಡಿತು. ಬಕ್ಷಿ ಒಪ್ಪಲಿಲ್ಲ. ಹಲವು ಅಂಗಡಿಗಳು ಅದೇ ಬೋರ್ಡಿನಡಿ ನಡೆದವು. 2019ರಲ್ಲಿ ರಾಜಿಯಾಗುವವರೆಗೆ ಆ ಹೆಸರಿಗೆ ಹೊಣೆ ಯಾರೆಂದು ಬರ್ಗರ್ ತಿನ್ನುವವನಿಗೆ ಹೇಗೆ ತಿಳಿಯಬೇಕು?

ಹಕ್ಕಿನ ಎರಡನೆಯ ಮೂಲ ರಾಯಲ್ಟಿ. ಮಾರಾಟದಲ್ಲಿ ಪಾಲಿದ್ದವನು ಮಾರಾಟದ ಲೆಕ್ಕ ಕೇಳುವುದು ಸರಿಯೇ. ಆದರೆ ಹಕ್ಕು ಹುಟ್ಟಿದ ಜಾಗವೇ ಅದರ ಗಡಿಯೂ ಹೌದು. ಅಡುಗೆಮನೆ ನೋಡಲಿ, ಬಿಲ್ಲು ನೋಡಲಿ. ಮನೆಯವರ ಪಾಸ್‌ಬುಕ್, ಪಕ್ಕದಲ್ಲಿರುವ ಸ್ವಂತ ಅಂಗಡಿಯ ಲೆಕ್ಕ, ಕೆಲಸದ ಹುಡುಗರ ಮೊಬೈಲು ಅವರು ಕೊಟ್ಟ ಹೆಸರಿಗೆ ಸೇರಿದ್ದಲ್ಲ.

ನನಗೆ ಇದಕ್ಕಿಂತ ದೊಡ್ಡ ತೊಡಕಾಗಿ ಕಾಣುವುದು ಇನ್ನೊಂದು. ತಪಾಸಣೆಯ ಹಕ್ಕು ಬರೆದಿರುವ ಒಪ್ಪಂದದಲ್ಲೇ ಕೆಲವು ಪುಟಗಳಾಚೆ, ಫ್ರಾಂಚೈಸಿ ಸ್ವತಂತ್ರ ವ್ಯಾಪಾರಿ, ನೌಕರರ ಅಥವಾ ಗಿರಾಕಿಯ ದೂರು ಬಂದರೆ ಹೊಣೆ ಅವನದೇ ಎಂದೂ ಇರುವುದುಂಟು. ಐಟಿಯಲ್ಲಿರುವ ನಮಗೆ ಈ ರಾಗ ಗೊತ್ತು. ಗ್ರಾಹಕ ಕಂಪನಿ ಆಡಿಟ್ ಮಾಡುತ್ತದೆ, ಲಾಗ್‌ಗಳನ್ನೆಲ್ಲ ನೋಡುತ್ತದೆ, ಸರಿಯಿದೆ ಎನ್ನುತ್ತದೆ. ನಾಳೆ ಸಿಸ್ಟಮ್ ಕೆಟ್ಟರೆ ನೋಡಿದವರು ನೋಡೇ ಇಲ್ಲವೆಂಬಂತೆ ಇರಬಹುದೇ? ನೋಡಿ ಒಪ್ಪಿದವನಿಗೂ ಹೊಣೆಯಲ್ಲಿ ಪಾಲಿದೆ. ಕಣ್ಣು ನನ್ನದು, ಹೊಣೆ ನಿನ್ನದು ಎನ್ನುವುದು ಪಾಲುದಾರಿಕೆಯಲ್ಲ, ಬರೀ ಯಜಮಾನಿಕೆ.

ಉಳಿತಾಯದ ಹಣವನ್ನು ಫ್ರಾಂಚೈಸಿಗೆ ಹಾಕಬೇಕೆಂದಿರುವವರು ನಮ್ಮಲ್ಲಿ ಅನೇಕರಿದ್ದಾರೆ. ತಪಾಸಣೆ ಬೇಡವೆಂದು ಅವರು ಕೇಳಬೇಕಾಗಿಲ್ಲ. ವರದಿಯ ಪ್ರತಿ ನನಗೂ ಸಿಗಲಿ, ತಪ್ಪು ತಿದ್ದಲು ದಿನ ಸಿಗಲಿ, ನೀವು ನೋಡಿ ಒಪ್ಪಿದ್ದಕ್ಕೆ ನಿಮ್ಮ ಸಹಿಯೂ ಬೀಳಲಿ ಎಂದು ಕೇಳಲಿ. ಈ ಮೂರಕ್ಕೂ ಒಲ್ಲೆನೆನ್ನುವವರು ಗಿರಾಕಿಯ ಹೆಸರು ಹೇಳಿಕೊಂಡು ಬಂದರೂ ಗಿರಾಕಿಗಾಗಿ ಬಂದವರಲ್ಲ.