ಮಧ್ಯದಲ್ಲಿಟ್ಟ ಚೀಲ

ವೀಸಾ ಅರ್ಜಿ ಕೊಡಲು ಬೆಂಗಳೂರಿಗೆ ಹೋದಾಗ ಕೌಂಟರಿನ ಹುಡುಗಿ ಕೇಳಿದ ಪ್ರಶ್ನೆ ಈಗಲೂ ನೆನಪಿದೆ. "ನೀವು ವಾಪಸ್ ಬರ್ತೀರ ಅನ್ನೋದಕ್ಕೆ ಏನಾದ್ರೂ ದಾಖಲೆ ಇದೆಯಾ ಮೇಡಂ?"

ಅರವತ್ತೆರಡು ವರ್ಷದ ನಾನು, ಮಂಡಿನೋವಿನ ಯಜಮಾನರನ್ನೂ ಎರಡು ಬೆಕ್ಕುಗಳನ್ನೂ ಹಿತ್ತಿಲ ದಾಸವಾಳವನ್ನೂ ಬಿಟ್ಟು ಇಟಲಿಯಲ್ಲಿ ತಲೆಮರೆಸಿಕೊಂಡು ಇದ್ದುಬಿಡುತ್ತೇನೆಯೆ! ನಗು ಬಂತು. ಆದರೆ ಬೆಕ್ಕು ದಾಖಲೆಯಲ್ಲವಲ್ಲ. ಮನೆಯ ಖಾತಾಪತ್ರ, ಪಿಂಚಣಿ ಪುಸ್ತಕ, ಬ್ಯಾಂಕಿನ ಆರು ತಿಂಗಳ ಲೆಕ್ಕ ಎಲ್ಲವನ್ನೂ ಮುಂದಿಟ್ಟೆ. ಅವಳು ಒಂದೊಂದಕ್ಕೂ ಗುರುತು ಹಾಕಿಕೊಂಡಳು. ಹೊರಗೆ ಬರುವಾಗ ಪರೀಕ್ಷೆ ಪಾಸಾದ ಹುಡುಗಿಯ ಹಾಗೆ ಹಗುರಾಗಿದ್ದೆ. ಆ ಹಗುರವೇ ಮುಂದೆ ನನ್ನನ್ನು ಕಾಡಿತು, ಅದಕ್ಕೇ ಇದನ್ನು ಮೊದಲು ಹೇಳಿದೆ.

ನನ್ನ ತಂಗಿಯ ಮಗಳು ಇರುವುದು ತ್ರಿಯೆಸ್ತೆ ಎಂಬ ಊರಿನಲ್ಲಿ. ಅಬ್ದುಸ್ ಸಲಾಂ 1964ರಲ್ಲಿ ಸ್ಥಾಪಿಸಿದ ಭೌತವಿಜ್ಞಾನದ ಕೇಂದ್ರ ಅಲ್ಲಿದೆ. ನಮ್ಮ ದೇಶದ ಎಷ್ಟೋ ವಿಜ್ಞಾನಿಗಳು ಅಲ್ಲಿಗೆ ಹೋಗಿಬಂದಿದ್ದಾರೆ. ಅವಳ ಗಂಡನಿಗೂ ಅಲ್ಲೇ ಎರಡು ವರ್ಷದ ಕೆಲಸ. 2024ರ ವಸಂತದಲ್ಲಿ ಎರಡು ತಿಂಗಳು ಅವರ ಜೊತೆಗಿದ್ದೆ. ಸಮುದ್ರ, ಗಾಳಿ, ಕಾಫಿ. ಬೆನ್ನ ಹಿಂದೆ ಗುಡ್ಡ, ಗುಡ್ಡದಾಚೆ ಸ್ಲೊವೇನಿಯಾ. ಬೆಳಿಗ್ಗೆ ಒಂದು ದೇಶದಲ್ಲಿ ತಿಂಡಿ, ಮಧ್ಯಾಹ್ನ ಇನ್ನೊಂದರಲ್ಲಿ ಊಟ ಎಂದು ತಂಗಿಗೆ ಫೋನಿನಲ್ಲಿ ಕೊಚ್ಚಿಕೊಂಡಿದ್ದೂ ಆಯಿತು.

ಒಂದು ಭಾನುವಾರ ಗೊರಿಟ್ಸಿಯಾಕ್ಕೆ ಹೋದೆವು. ಎರಡನೆಯ ಮಹಾಯುದ್ಧದ ನಂತರ, 1947ರಲ್ಲಿ, ಇಟಲಿಗೂ ಆಗಿನ ಯುಗೊಸ್ಲಾವಿಯಾಕ್ಕೂ ನಡುವೆ ಗೆರೆ ಎಳೆದದ್ದು ಈ ಊರಿನ ಅಂಚಿನಲ್ಲಿ. ಊರು ಇಟಲಿಗೆ ಉಳಿಯಿತು. 1906ರಲ್ಲಿ ಕಟ್ಟಿದ್ದ ಅಲ್ಲಿನ ಒಂದು ರೈಲು ನಿಲ್ದಾಣ ಮಾತ್ರ ಆ ಕಡೆಗೆ ಹೋಯಿತು. ನಿಲ್ದಾಣದ ಮುಂದಿನ ಚೌಕದ ನಡುವೆಯೇ ಬೇಲಿ. ಊರು ಕಳೆದುಕೊಂಡ ಆ ಕಡೆಯವರು ನೊವಾ ಗೊರಿತ್ಸಾ ಎಂಬ ಹೊಸ ಊರನ್ನೇ ಕಟ್ಟಿಕೊಂಡರು. ಹತ್ತಿರದ ಮಿರೆನ್ ಎಂಬ ಹಳ್ಳಿಯಲ್ಲಂತೂ ಗೆರೆ ಸ್ಮಶಾನದ ಮಧ್ಯೆಯೇ ಹಾದುಹೋಗಿತ್ತು. 1975ರ ಒಪ್ಪಂದದವರೆಗೂ ಅಲ್ಲಿ ಸತ್ತವರೂ ಎರಡು ದೇಶದವರು.

ಆದರೆ ನನ್ನ ಮನಸ್ಸಿಗೆ ಹಿಡಿದದ್ದು ಪೊರಕೆಯ ಕಥೆ. 1950ರ ಆಗಸ್ಟ್ 13, ಅದೂ ಒಂದು ಭಾನುವಾರ. ಆ ಕಡೆಯವರು ಈ ಕಡೆಯ ನೆಂಟರನ್ನು ನೋಡಲು ಗಡಿಯ ಬಳಿ ಸೇರಿದರು. ಜನ ಹೆಚ್ಚಾದರು, ನೂಕಿದರು, ಕಾವಲುಗಾರರು ತಡೆಯಲಾರದೆ ಹೋದರು. ಸಾವಿರಾರು ಜನ ಗೊರಿಟ್ಸಿಯಾದೊಳಗೆ ನುಗ್ಗಿದರು. ರಜಾದಿನವಾದರೂ ಅಂಗಡಿಗಳು ತೆರೆದವು. ಮೂರು ವರ್ಷದ ಮೇಲೆ ಸಿಕ್ಕ ಒಂದು ದಿನದಲ್ಲಿ ಅವರು ಹೆಚ್ಚಾಗಿ ಕೊಂಡದ್ದು ಏನು ಗೊತ್ತೆ? ಪೊರಕೆ! ಆ ಕಡೆ ಪೊರಕೆಗೆ ಅಷ್ಟು ಅಭಾವವಿತ್ತು. ಇಂದಿಗೂ ಅದಕ್ಕೆ 'ಪೊರಕೆ ಭಾನುವಾರ' ಎಂದೇ ಹೆಸರು. ಗಂಡಸರು ಬರೆದ ಚರಿತ್ರೆಯಲ್ಲಿ ಪೊರಕೆಗೆ ಜಾಗ ಸಿಗುವುದು ಅಪರೂಪ, ಅದಕ್ಕೇ ನನಗೆ ಖುಷಿಯಾಯಿತು. ಇನ್ನೊಂದು ಮಾತು. ಸಂಜೆಗೆ ಅವರಲ್ಲಿ ಬಹುತೇಕ ಎಲ್ಲರೂ ಪೊರಕೆ ಹೊತ್ತು ಮನೆಗೆ ಮರಳಿದರು. ಯಾರೂ ದಾಖಲೆ ಕೇಳಿರಲಿಲ್ಲ.

ಚೌಕದ ಬೇಲಿಯನ್ನು 2004ರಲ್ಲಿ ಕಿತ್ತರು. 2007ರ ಕೊನೆಗೆ ತಪಾಸಣೆಯೂ ನಿಂತಿತು. 2020ರಲ್ಲಿ ಕೊರೊನಾ ಬಂದಾಗ ಅದೇ ಜಾಗದಲ್ಲಿ ಮತ್ತೆ ಬೇಲಿ ಎದ್ದಿತು, ಜನ ಎರಡು ಬದಿ ನಿಂತು ಮಾತಾಡಿದರು. ಅದೂ ಹೋಯಿತು. 2025ರಲ್ಲಂತೂ ಎರಡೂ ಊರು ಸೇರಿ ಯೂರೋಪಿನ ಸಾಂಸ್ಕೃತಿಕ ರಾಜಧಾನಿಯಾದವು. ನಾನು ನಿಂತಾಗ ಮಕ್ಕಳು ಗೆರೆಯ ಮೇಲೆ ಒಂದೊಂದು ಕಾಲಿಟ್ಟು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾನೂ ತೆಗೆಸಿಕೊಂಡೆ.

ಇದಾದ ವಾರಕ್ಕೆ ಸ್ಲೊವೇನಿಯಾದ ರಾಜಧಾನಿ ಲ್ಯುಬ್ಲಿಯಾನಾಕ್ಕೆ ಒಬ್ಬಳೇ ಹೋಗಿ ಬಸ್ಸಿನಲ್ಲಿ ಮರಳುತ್ತಿದ್ದೆ. ಒಬ್ಬಳೇ ಹೋಗಿಬರುವ ಹೆಮ್ಮೆ ಬೇರೆ! ಹಿಂದಿನ ಸೀಟಿನಲ್ಲಿದ್ದ ಹುಡುಗನೊಬ್ಬ ಎದ್ದು ಬಂದು ನನ್ನ ಪಕ್ಕ ಕುಳಿತ. ಇಪ್ಪತ್ತರ ಆಸುಪಾಸು, ನಮ್ಮವರದೇ ಮುಖ, ಒದ್ದೆ ಬೂಟು. "ಆಂಟಿ, ಇಂಡಿಯಾ?" ಎಂದು ಹಿಂದಿಯಲ್ಲಿ ಕೇಳಿದ. ಹೌದೆಂದೆ. ಅವನು ಯಾವ ದೇಶದವನೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಿಸ್ಕತ್ತು ಕೊಟ್ಟೆ. ಎರಡು ತಿಂದು, ಮೂರನೆಯದನ್ನು ಜೇಬಿಗೆ ಹಾಕಿಕೊಂಡ.

ಗಡಿಯಲ್ಲಿ ಬಸ್ಸು ನಿಂತಿತು. ಇಟಲಿ 2023ರ ಅಕ್ಟೋಬರಿನಲ್ಲಿ ಇಲ್ಲಿ ತಪಾಸಣೆಯನ್ನು ಮರಳಿ ಶುರುಮಾಡಿತ್ತು. ಇಬ್ಬರು ಪೊಲೀಸರು ಹತ್ತಿದರು. ಆಗ ನಾನೇನು ಮಾಡಿದೆ ಗೊತ್ತೆ? ತೊಡೆಯ ಮೇಲಿದ್ದ ಕೈಚೀಲವನ್ನು ಎತ್ತಿ ನನಗೂ ಅವನಿಗೂ ಮಧ್ಯೆ ಇಟ್ಟೆ. ಒಂದು ಗೇಣು ಅಗಲದ ಚೀಲ. ಇವನು ನನ್ನ ಜೊತೆಯವನಲ್ಲ ಎಂದು ಬಾಯಲ್ಲಿ ಹೇಳುವುದಕ್ಕಿಂತ ಸ್ಪಷ್ಟವಾಗಿತ್ತು ಅದು. ಪೊಲೀಸನಿಗೆ ಅರ್ಥವಾಯಿತೋ ಇಲ್ಲವೋ, ಹುಡುಗನಿಗಂತೂ ಆಯಿತು. ಚೀಲವನ್ನೊಮ್ಮೆ ನೋಡಿ, ತಾನೇ ಎದ್ದು ನಿಂತ. ನನ್ನ ಪಾಸ್‌ಪೋರ್ಟ್ ನೋಡಿ "ಗ್ರಾತ್ಸಿಯೆ, ಸಿನ್ಯೋರಾ" ಎಂದರು. ಅವನನ್ನು ಇಳಿಸಿಕೊಂಡು ಹೋದರು. ಬಸ್ಸು ಹೊರಟಿತು. ನನಗೆ ಮತ್ತೆ ಅದೇ ಹಗುರ.

ಮನೆಗೆ ಬಂದು ಹೇಳಿದಾಗ ತಂಗಿಯ ಮಗಳು, "ದೊಡ್ಡಮ್ಮ, ನೀವೇನು ಮಾಡಿದ್ರೂ ಅವನನ್ನ ಇಳಿಸೇ ಇಳಿಸ್ತಿದ್ರು. ಸುಮ್ನೆ ಕೊರಗಬೇಡಿ" ಎಂದಳು. ನಿಜವೇ. ಚೀಲ ತೊಡೆಯ ಮೇಲಿದ್ದರೂ ಅವನ ಬಳಿ ಕಾಗದ ಇರುತ್ತಿರಲಿಲ್ಲ. ನನ್ನ ಮಗನೆಂದು ಸುಳ್ಳು ಹೇಳಬೇಕಿತ್ತೆಂದು ನನಗೂ ಅನಿಸುವುದಿಲ್ಲ. ಅವನು ಕೇಳಿಯೂ ಇರಲಿಲ್ಲ. ಮನೆಗೆ ಬಾಗಿಲು, ಬಾಗಿಲಿಗೆ ಚಿಲಕ ಇರಬೇಕು ಎನ್ನುವವಳೇ ನಾನು. ಆದರೆ ಚಿಲಕ ಹಾಕುವುದು ಪೊಲೀಸರ ಕೆಲಸವಾಗಿತ್ತು, ಅದನ್ನು ಅವರು ಮಾಡಿದರು. ನನ್ನನ್ನು ಯಾರು ಕರೆದಿದ್ದರು? ಫಲದಲ್ಲಿ ಯಾವ ವ್ಯತ್ಯಾಸವೂ ಇಲ್ಲದ ತಪ್ಪು ತಪ್ಪೇ ಅಲ್ಲವೆಂದರೆ, ಸಾಯುವವರ ಬಾಯಿಗೆ ನೀರು ಬಿಡುವುದೂ ಬಿಡದಿರುವುದೂ ಒಂದೇ ಆಗಬೇಕಲ್ಲವೆ? ಅವನಿಗೆ ಬೇಕಾಗಿದ್ದದ್ದು ರಕ್ಷಣೆಯಲ್ಲವೇನೋ. ಆ ಐದು ನಿಮಿಷ ಯಾರದಾದರೂ ಪಕ್ಕದಲ್ಲಿ ಕೂತಿರುವುದು, ಅಷ್ಟೆ ಇರಬಹುದು.

ಯೋಚಿಸಿ ಮಾಡಿದ್ದಲ್ಲ, ಕೈ ತಾನೇ ಮಾಡಿತು. ಆ ಕೈಗೆ ಪಾಠ ಹೇಳಿದ್ದು ಇಟಲಿಯಂತೂ ಅಲ್ಲ. ನಮ್ಮ ಅತ್ತೆಯ ಮನೆಯಲ್ಲಿ ಕೆಲಸದವಳ ಲೋಟ ಹಿತ್ತಿಲ ಕಿಟಕಿಯ ಮೇಲೆ ಬೇರೆಯೇ ಇರುತ್ತಿತ್ತು. ಇಪ್ಪತ್ತು ವರ್ಷ ಅದರಲ್ಲಿ ಕಾಫಿ ಮೇಲಿನಿಂದ ಸುರಿದವಳು ನಾನೇ.

ಗಡಿ ಎಲ್ಲರಿಗೂ ಒಂದೇ ಅಲ್ಲ, ಒಬ್ಬನಿಗೆ ಅದು ಬರಿಯ ಔಪಚಾರಿಕತೆ, ಇನ್ನೊಬ್ಬನಿಗೆ ಅವನು ಬದುಕುವ ಜಾಗವೇ ಆಗಿಬಿಡುತ್ತದೆ ಎನ್ನುತ್ತಾನೆ ಫ್ರಾನ್ಸಿನ ತತ್ತ್ವಜ್ಞ ಎತಿಯೆನ್ ಬಲಿಬಾರ್. ಉಲ್ರಿಕೆ ಮೈನ್‌ಹೋಫ್ ಎಂಬ ವಿದ್ವಾಂಸೆ ಸಂಗಡಿಗರೊಂದಿಗೆ ಯೂರೋಪಿನ ಗಡಿ ಊರುಗಳಲ್ಲಿ ಒಂದೇ ಮನೆಯ ಮೂರು ತಲೆಮಾರಿನವರನ್ನು ಮಾತಾಡಿಸಿದ್ದಾರೆ. ಗಡಿಯೆಂದರೇನು ಎಂದು ನೇರ ಕೇಳದೆ, ಹಳೆಯ ಫೋಟೋಗಳನ್ನು ಮುಂದಿಟ್ಟು ಕಥೆ ಹೇಳಲು ಬಿಟ್ಟರಂತೆ. ಎಂಥ ಜಾಣತನ! ಬೇಲಿ ಹೋದ ಮೇಲೂ 'ನಾವು', 'ಆ ಕಡೆಯವರು' ಎಂಬುದು ಮಾತಿನಲ್ಲಿ ಉಳಿದೇ ಇರುತ್ತದಂತೆ. ನನ್ನನ್ನು ಕೂರಿಸಿದ್ದರೆ ನಾನು ಪೊರಕೆಯ ಕಥೆ ಹೇಳುತ್ತಿದ್ದೆನೇ ಹೊರತು ಚೀಲದ್ದಲ್ಲ.

ಬಸ್ಸು ಇಳಿದ ಸಂಜೆಯ ಒಂದು ನೋಟ ಹೇಳುವುದು ಬಿಟ್ಟೆ. ತ್ರಿಯೆಸ್ತೆಯ ನಿಲ್ದಾಣದೆದುರಿನ ಉದ್ಯಾನದ ಬೆಂಚಿನಲ್ಲಿ ನಮ್ಮ ಕಡೆಯ ಮುಖದ ಹುಡುಗರು ಸಾಲಾಗಿ ಕುಳಿತಿದ್ದರು. ಬೋಸ್ನಿಯಾದ ಕಾಡುಗಳನ್ನು ದಾಟಿ ನಡೆದೇ ಬಂದವರು. ಆ ದಾಟುವಿಕೆಗೆ ಅವರು ಇಟ್ಟಿರುವ ಹೆಸರು 'ಗೇಮ್', ಆಟ. ನನ್ನ ವಯಸ್ಸಿಗಿಂತ ಹಿರಿಯರೇ ಇರಬೇಕು, ಹೆಂಗಸೊಬ್ಬರು ಹಸಿರು ಕೈಗಾಡಿ ಪಕ್ಕಕ್ಕಿಟ್ಟು, ನೆಲದಲ್ಲಿ ಕುಳಿತು, ಒಬ್ಬನ ಪಾದದ ಗಾಯ ತೊಳೆಯುತ್ತಿದ್ದರು. ಲೊರೆನಾ ಫೊರ್ನಾಸಿರ್ ಎಂಬ ನಿವೃತ್ತ ಮನಶ್ಚಿಕಿತ್ಸಕಿ ಪತಿಯೊಂದಿಗೆ 2019ರಿಂದ ನಡೆಸಿಕೊಂಡು ಬಂದ ಕೆಲಸ ಇದು ಎಂದು ತಂಗಿಯ ಮಗಳು ಹೇಳಿದಳು. ಇದಕ್ಕಾಗಿ 2021ರಲ್ಲಿ ಪೊಲೀಸರು ಅವರ ಮನೆಯನ್ನು ಶೋಧಿಸಿದ್ದೂ ಉಂಟಂತೆ.

ನಾನು ಸ್ವಲ್ಪ ದೂರದಲ್ಲೇ ನಿಂತು ನೋಡಿದೆ. ಚೀಲದಲ್ಲಿ ಬಿಸ್ಕತ್ತಿನ ಪೊಟ್ಟಣ ಅರ್ಧ ಉಳಿದಿತ್ತು. "ಬನ್ನಿ ದೊಡ್ಡಮ್ಮ, ಬಸ್ಸು ಬಂತು" ಎಂದಳು. ಹತ್ತಿದೆವು.