ಸಂಬಳದ ವೇಳೆ ಯಾರ ಸೊತ್ತು?

ಒಂದು ನೌಕರಿಯಲ್ಲಿದ್ದುಕೊಂಡು ಇನ್ನೊಂದು ಸಂಪಾದನೆ ಮಾಡಬಹುದೇ? ಇತ್ತೀಚೆಗೆ ಈ ಪ್ರಶ್ನೆಯನ್ನು ಕೇಳುವವರು ಹೆಚ್ಚಾಗಿದ್ದಾರೆ. ಕಚೇರಿಯಲ್ಲಿ ಗುಮಾಸ್ತನಾಗಿದ್ದುಕೊಂಡು ನಿವೇಶನಗಳ ದಲ್ಲಾಳಿ ಕೆಲಸ ಮಾಡುವವನಿದ್ದಾನೆ. ಹಗಲಿಗೆ ಜವುಳಿ ಅಂಗಡಿಯ ಸೇಲ್ಸ್‌ಮನ್, ರಾತ್ರಿಗೆ ಆಟೋ ಚಾಲಕನಾಗಿರುವವನಿದ್ದಾನೆ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಸಹೋದರಿ ವಾಟ್ಸಾಪ್‌ನಲ್ಲಿ ಬಟ್ಟೆ ಮಾರುತ್ತಾಳೆ. ಶಾಲೆಯ ಅಧ್ಯಾಪಕ ಮನೆಯಲ್ಲಿ ಟ್ಯೂಷನ್ ಕೊಡುತ್ತಾನೆ. ಮದ್ರಸದ ಉಸ್ತಾದರು ಅತ್ತರಿನ ಅಂಗಡಿ ಇಟ್ಟಿರುತ್ತಾರೆ. ಇವರೆಲ್ಲರೂ ಬಯಸುವುದು ಹಲಾಲ್ ಅಥವಾ ಹರಾಮ್ ಎಂಬ ಒಂದೇ ಶಬ್ದದ ಉತ್ತರವನ್ನು. ಆದರೆ ಈ ಪ್ರಶ್ನೆಗೆ ಒಂದೇ ಶಬ್ದದಲ್ಲಿ ಉತ್ತರಿಸುವವನು ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಂಡಿಲ್ಲವೆಂದೇ ಹೇಳಬೇಕು.

ಎರಡನೆಯ ದುಡಿಮೆಯೆಂಬುದು ದುರಾಸೆ, ಅದು ತವಕ್ಕುಲ್‌ನ ಕೊರತೆ ಎಂದು ಬೋಧಿಸುವವರೂ ನಮ್ಮಲ್ಲಿದ್ದಾರೆ. ಇದು ಸರಿಯಲ್ಲ. ಜುಮುಅ ನಮಾಝ್ ಮುಗಿದ ಬಳಿಕ ಭೂಮಿಯಲ್ಲಿ ಚದುರಿ ಅಲ್ಲಾಹನ ಅನುಗ್ರಹವನ್ನು ಅರಸಲು ಪವಿತ್ರ ಕುರ್‌ಆನ್ ಆದೇಶಿಸಿದೆ (62:10). ಪ್ರವಾದಿ ದಾವೂದ್(ಅ) ದೊರೆಯಾಗಿದ್ದೂ ಸ್ವಂತ ಕೈಗಳ ದುಡಿಮೆಯಿಂದ ಉಣ್ಣುತ್ತಿದ್ದರೆಂದು ಪ್ರವಾದಿವರ್ಯರು(ಸ) ಪ್ರಶಂಸಿಸಿದ್ದಾರೆ. ಮದೀನಕ್ಕೆ ಬರಿಗೈಯಲ್ಲಿ ಬಂದ ಹ. ಅಬ್ದುರ್‍ರಹ್ಮಾನ್ ಬಿನ್ ಔಫ್(ರ) ಅನ್ಸಾರಿ ಸಹೋದರನ ಸಂಪತ್ತಿನ ಅರ್ಧಪಾಲನ್ನು ಪಡೆಯಲೊಪ್ಪದೆ ಮಾರುಕಟ್ಟೆಯ ದಾರಿ ಕೇಳಿದರು. ತುಪ್ಪ ಮತ್ತು ಒಣಗಿಸಿದ ಗಿಣ್ಣಿನ ವ್ಯಾಪಾರದಿಂದ ಆರಂಭಿಸಿದರು. ಹ. ಉಮರ್(ರ) ಮತ್ತು ಅವರ ಅನ್ಸಾರಿ ನೆರೆಯವರು ಸರದಿಯಂತೆ ಒಂದು ದಿನ ಪ್ರವಾದಿವರ್ಯರ(ಸ) ಸನ್ನಿಧಿಗೆ ಹೋಗುತ್ತಿದ್ದರು, ಇನ್ನೊಂದು ದಿನ ತಂತಮ್ಮ ಕೆಲಸ ನೋಡಿಕೊಳ್ಳುತ್ತಿದ್ದರು. ಹ. ಇಬ್ನು ಮಸ್‌ಊದ್‌ರ(ರ) ಪತ್ನಿ ಝೈನಬ್‌ರು(ರ) ಪತಿಗೂ ತಮ್ಮ ಆಶ್ರಯದಲ್ಲಿದ್ದ ಅನಾಥ ಮಕ್ಕಳಿಗೂ ತಾವೇ ಖರ್ಚು ಮಾಡುತ್ತಿದ್ದರು; ಅದಕ್ಕೆ ಇಮ್ಮಡಿ ಪ್ರತಿಫಲವಿದೆಯೆಂದು ಪ್ರವಾದಿವರ್ಯರು(ಸ) ತಿಳಿಸಿದರು. ತಾಯಿಯ ಡಯಾಲಿಸಿಸ್‌ಗಾಗಿ, ಮಗಳ ಕಾಲೇಜು ಫೀಸಿಗಾಗಿ ರಾತ್ರಿ ಆಟೋ ಓಡಿಸುವವನಿಗೆ ದುರಾಸೆಯ ಕುರಿತು ಉಪದೇಶಿಸುವುದಕ್ಕಿಂತ ಅವನಿಗಾಗಿ ದುಆ ಮಾಡುವುದು ಲೇಸು.

ಹಾಗಾದರೆ ಸಮಸ್ಯೆಯಿರುವುದೆಲ್ಲಿ?

ಫಿಕ್‌ಹ್ ಗ್ರಂಥಗಳಲ್ಲಿ ಇಜಾರದ ಅಧ್ಯಾಯವೊಂದಿದೆ. ಮದ್ರಸದಲ್ಲಿ ಅದನ್ನು ಓದುವಾಗ ಒಂಟೆ, ಬಾವಿ, ಅಗಸ ಎಂಬ ಉದಾಹರಣೆಗಳನ್ನು ಕಂಡು ಇದು ನಮ್ಮ ಕಾಲಕ್ಕೆ ಸಂಬಂಧಿಸಿದುದಲ್ಲವೆಂದು ವಿದ್ಯಾರ್ಥಿಗಳು ತೂಕಡಿಸುವುದುಂಟು. ಆದರೆ ಇಂದಿನ ನೌಕರನ ಇಡೀ ಬದುಕು ಆ ಅಧ್ಯಾಯದೊಳಗಿದೆ. ಅಲ್ಲಿ ಕೆಲಸಗಾರರನ್ನು ಎರಡು ವಿಧವಾಗಿ ವಿಂಗಡಿಸಿದ್ದಾರೆ. ದರ್ಜಿ, ಅಗಸ ಮೊದಲಾದವರು ಹತ್ತು ಮಂದಿಯ ಕೆಲಸವನ್ನು ಒಮ್ಮೆಗೇ ವಹಿಸಿಕೊಳ್ಳುತ್ತಾರೆ. ಇವರು ಮಾರುವುದು ಕೆಲಸವನ್ನು. ಅಂಗಿ ಹೊಲಿದು ಕೊಟ್ಟರೆ ಮಜೂರಿ, ಇಲ್ಲವಾದರೆ ಇಲ್ಲ. ಇವನನ್ನು ಅಜೀರ್ ಮುಶ್ತರಕ್ ಎನ್ನುತ್ತಾರೆ. ಇನ್ನೊಬ್ಬನು ಇಂತಿಷ್ಟು ಅವಧಿಗೆ ತನ್ನನ್ನು ಒಬ್ಬನಿಗೆ ಒಪ್ಪಿಸಿಕೊಂಡವನು, ಅಜೀರ್ ಖಾಸ್ಸ್. ಇವನು ಮಾರುವುದು ವೇಳೆಯನ್ನು. ಕುರಿ ಕಾಯಲು ತಿಂಗಳಿಗೆ ಗೊತ್ತುಮಾಡಿದ ಆಳು ಬಂದು ನಿಂತಿದ್ದರೆ, ಅಂದು ಕಾಯಲು ಕುರಿಯೇ ಇಲ್ಲದಿದ್ದರೂ ಅವನ ಸಂಬಳಕ್ಕೆ ಧಕ್ಕೆಯಿಲ್ಲ. ನೌಕರನ ಪರವಾದ ಎಷ್ಟು ದೊಡ್ಡ ತೀರ್ಮಾನವಿದು! ಆದರೆ ಅದಕ್ಕೊಂದು ಮರುಬದಿಯಿದೆ. ಕೆಲಸವಿಲ್ಲದಾಗಲೂ ಸಂಬಳ ಸಲ್ಲುತ್ತದೆಂದಾದರೆ, ಕೆಲಸವಿಲ್ಲದಾಗಲೂ ಆ ವೇಳೆ ಮಾಲಕನದೇ. ಕಚೇರಿಯಲ್ಲಿ ಈಗ ನನಗೆ ಕೆಲಸವಿಲ್ಲ, ಸುಮ್ಮನೆ ಕೂರುವುದರ ಬದಲು ನನ್ನ ವ್ಯಾಪಾರ ನೋಡಿಕೊಂಡರೆ ಯಾರಿಗೆ ನಷ್ಟ ಎಂಬ ವಾದಕ್ಕೆ ಇಲ್ಲಿ ಉತ್ತರವಿದೆ.

ಹನಫೀ ವಿದ್ವಾಂಸರು ಇದನ್ನು ಎಲ್ಲಿಯವರೆಗೆ ಕೊಂಡೊಯ್ದಿದ್ದಾರೆಂದು ನೋಡಿರಿ. ಅಜೀರ್ ಖಾಸ್ಸ್‌ಗೆ ಆ ಅವಧಿಯಲ್ಲಿ ಇತರರ ಕೆಲಸ ಮಾಡುವ ಹಕ್ಕಿಲ್ಲ. ಮಾಡಿದರೆ ಅಷ್ಟು ಸಂಬಳ ಕಡಿತವಾಗಬೇಕು. ಫರ್ಝ್ ನಮಾಝನ್ನು ಯಾವ ಮಾಲಕನೂ ತಡೆಯುವಂತಿಲ್ಲ. ಆದರೆ ಸಂಬಳದ ವೇಳೆಯಲ್ಲಿ ನಫಿಲ್ ನಮಾಝಿಗೆ ನಿಲ್ಲುವ ಅಧಿಕಾರ ಕೂಡಾ ಅವನಿಗಿಲ್ಲ! ಅಲ್ಲಾಹನಿಗಾಗಿ ಮಾಡುವ ಐಚ್ಛಿಕ ಆರಾಧನೆಯೇ ಇನ್ನೊಬ್ಬನ ವೇಳೆಯಲ್ಲಿ ಸಲ್ಲದೆಂದಾದರೆ, ಮೇಜಿನ ಕೆಳಗೆ ಫೋನ್ ಹಿಡಿದು ಗಿರಾಕಿಗೆ ನಿವೇಶನದ ಅಳತೆ ಹೇಳುವುದಕ್ಕೆ ಏನೆನ್ನಬೇಕು? ಜುಮುಅಗೆಂದು ಒಂದೂವರೆ ಗಂಟೆ ಬಿಡುವು ಪಡೆದು ಅದರಲ್ಲಿ ಮುಕ್ಕಾಲು ಗಂಟೆಯನ್ನು ಸ್ವಂತ ವ್ಯವಹಾರಕ್ಕೆ ಬಳಸುವವರೂ ಇದ್ದಾರೆ. ಅವರಿಂದಾಗಿ ಮುಂದಿನ ನೌಕರನಿಗೆ ಜುಮುಅದ ಬಿಡುವೇ ಸಿಗದೆ ಹೋದರೆ ಆ ಹೊಣೆ ಯಾರದು?

ಅಳೆದು ತೆಗೆದುಕೊಳ್ಳುವಾಗ ಪೂರ್ತಿಯಾಗಿ ಪಡೆದು, ಅಳೆದು ಕೊಡುವಾಗ ಕಡಿತ ಮಾಡುವವರಿಗೆ ಕುರ್‌ಆನ್ ವಿನಾಶದ ಎಚ್ಚರಿಕೆ ಕೊಟ್ಟಿದೆ (83:1-3). ಈ ಸೂಕ್ತವನ್ನು ಕೇಳುವಾಗಲೆಲ್ಲ ನಮ್ಮ ಕಣ್ಣ ಮುಂದೆ ದಿನಸಿ ಅಂಗಡಿಯವನ ತಕ್ಕಡಿ ಬರುತ್ತದೆ. ತಿಂಗಳ ಸಂಬಳದಲ್ಲಿ ನೂರು ರೂಪಾಯಿ ಕಡಿಮೆಯಾದರೆ ಲೆಕ್ಕಪತ್ರ ವಿಭಾಗಕ್ಕೆ ಓಡುವ ನಾವು ದಿನಕ್ಕೊಂದು ಗಂಟೆ ಕಡಿಮೆ ಕೊಡುವಾಗ ಆ ತಕ್ಕಡಿ ನೆನಪಾಗುವುದಿಲ್ಲ.

ಇದು ಕೇವಲ ಹಳೆಯ ಗ್ರಂಥಗಳ ಮಾತಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ವಿಪ್ರೋ ಕಂಪೆನಿಯು ಪ್ರತಿಸ್ಪರ್ಧಿ ಸಂಸ್ಥೆಗಳಿಗೂ ಅದೇ ಅವಧಿಯಲ್ಲಿ ದುಡಿಯುತ್ತಿದ್ದರೆಂದು 300 ಮಂದಿಯನ್ನು ತೆಗೆದುಹಾಕಿದ ವಿಷಯವನ್ನು ಅದರ ಅಧ್ಯಕ್ಷರೇ ತಿಳಿಸಿದ್ದರು. ಪತ್ರಿಕೆಗಳು ಅದನ್ನು ಮೂನ್‌ಲೈಟಿಂಗ್ ಎಂದು ಕರೆದವು. ಅದೇ ವರ್ಷ ಅಕ್ಟೋಬರ್‌ನಲ್ಲಿ ಇನ್ಫೋಸಿಸ್, ಮುಂಚಿತವಾಗಿ ಅನುಮತಿ ಪಡೆದು, ಸಂಸ್ಥೆಯ ಹಿತಕ್ಕೆ ಧಕ್ಕೆಯಾಗದಂತೆ ಬಿಡುವಿನ ವೇಳೆಯಲ್ಲಿ ಹೊರಗಿನ ಸಣ್ಣಪುಟ್ಟ ಕೆಲಸ ಮಾಡಬಹುದೆಂದು ತನ್ನ ನೌಕರರಿಗೆ ತಿಳಿಸಿತು. ಕೆಲಸ ಒಂದೇ, ದುಡಿಮೆ ಒಂದೇ, ಅನುಮತಿಯೊಂದೇ ವ್ಯತ್ಯಾಸ. ನೌಕರಿಗೆ ಸೇರುವಾಗ ಹತ್ತು ಪುಟಗಳ ಕರಾರಿಗೆ ಓದದೆಯೇ ಸಹಿ ಹಾಕುವ ಯುವಕರಿಗೆ ಒಂದು ಮಾತು. ಮಾಡಿಕೊಂಡ ಕರಾರುಗಳನ್ನು ಪಾಲಿಸಿರೆಂಬ ಆಜ್ಞೆ (ಕುರ್‌ಆನ್, 5:1) ಓದದೆ ಸಹಿ ಹಾಕಿದ ಪುಟಗಳಿಗೂ ಅನ್ವಯಿಸುತ್ತದೆ. ಬೇರೆ ಕೆಲಸ ಮಾಡಬಾರದೆಂಬ ಷರತ್ತು ಅದರಲ್ಲಿದ್ದರೆ ರಾತ್ರಿಯ ಬಿಡುವಿನ ವೇಳೆಗೂ ಅನುಮತಿ ಕೇಳಬೇಕು. ಇಲ್ಲದಿದ್ದರೆ ರಾತ್ರಿ ನಿಮ್ಮದು. ಗಲ್ಫಿನಲ್ಲಿರುವ ನಮ್ಮ ಸಹೋದರರಿಗೂ ಇದೇ ಮಾತು. ಒಬ್ಬನ ವೀಸಾದಲ್ಲಿ ಹೋಗಿ ಅನುಮತಿಯಿಲ್ಲದೆ ಇನ್ನೊಬ್ಬನಲ್ಲಿ ದುಡಿಯುವವನು ತಾನು ಒಪ್ಪಿಕೊಂಡು ಹೋದ ಷರತ್ತನ್ನು ಮುರಿಯುತ್ತಾನೆ. ಸಿಕ್ಕಿಬಿದ್ದ ದಿನ ಊರಿನಲ್ಲಿರುವ ಮನೆಯವರ ಗತಿಯೇನೆಂಬುದನ್ನೂ ಅವನು ಯೋಚಿಸಬೇಕು.

ಸರಕಾರಿ ನೌಕರರ ವಿಷಯ ಇನ್ನೂ ಸ್ಪಷ್ಟ. 1964ರ ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳ 15ನೇ ನಿಯಮದಂತೆ ಪೂರ್ವಾನುಮತಿಯಿಲ್ಲದೆ ವ್ಯಾಪಾರವಾಗಲಿ ಬೇರೆ ಉದ್ಯೋಗವಾಗಲಿ ಮಾಡುವಂತಿಲ್ಲ. ಪತ್ನಿಯ ಹೆಸರಿನಲ್ಲಿರುವ ವಿಮಾ ಅಥವಾ ಕಮಿಷನ್ ಏಜೆನ್ಸಿಗಾಗಿ ಪತಿ ಗಿರಾಕಿ ಹಿಡಿದರೂ ಅದು ನಿಯಮಭಂಗವೇ. ಹಾಗೆಂದು ನಿಯಮ ಬಾಗಿಲು ಪೂರ್ತಿ ಮುಚ್ಚಿಲ್ಲ. ಕರ್ತವ್ಯಕ್ಕೆ ಅಡ್ಡಿಯಾಗದಂತೆ ಆಗೊಮ್ಮೆ ಈಗೊಮ್ಮೆ ಸಾಹಿತ್ಯ, ಕಲೆಯ ಕೆಲಸ ಮಾಡಲು, ಸಂಬಳವಿಲ್ಲದ ಸಮಾಜಸೇವೆ ಮಾಡಲು ಅಡ್ಡಿಯಿಲ್ಲ. ಪತ್ನಿಯ ಹೆಸರಿಟ್ಟು ತಾನೇ ನಡೆಸುವ ಅಂಗಡಿಯನ್ನು ಊರೆಲ್ಲ ಬಲ್ಲದು, ಇಲಾಖೆಯೊಂದಕ್ಕೆ ಗೊತ್ತಿಲ್ಲ. ಅಲ್ಲಾಹನ ದಫ್ತರದಲ್ಲಿ ಯಾರ ಹೆಸರಿದೆ?

ಇನ್ನು ಅಧ್ಯಾಪಕರು. ನಾನೂ ಅದೇ ವೃತ್ತಿಯವನಾದುದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೇಳುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಶಾಲಾ ಶಿಕ್ಷಕರು ಖಾಸಗಿ ಟ್ಯೂಷನ್ ನಡೆಸುವುದನ್ನು ನಿಷೇಧಿಸಿದೆ. ಕಾನೂನು ಹೇಗೂ ಇರಲಿ, ಇಬ್ನುಲ್ಲುತ್ಬಿಯ್ಯ ಎಂಬವರ ಪ್ರಸಂಗವನ್ನು ನೆನಪಿಸಿಕೊಳ್ಳಿರಿ. ಪ್ರವಾದಿವರ್ಯರು(ಸ) ಅವರನ್ನು ಝಕಾತ್ ಸಂಗ್ರಹಿಸಲು ಕಳುಹಿಸಿದ್ದರು. ಮರಳಿ ಬಂದ ಅವರು, ಇಷ್ಟು ನಿಮ್ಮದು, ಇಷ್ಟು ನನಗೆ ಉಡುಗೊರೆಯಾಗಿ ಬಂದುದು ಎಂದು ಪಾಲು ಮಾಡಿದರು. ಪ್ರವಾದಿವರ್ಯರು(ಸ) ಕೋಪಗೊಂಡು ಮಿಂಬರ್ ಏರಿ, ಅವನು ತನ್ನ ತಂದೆಯ ಅಥವಾ ತಾಯಿಯ ಮನೆಯಲ್ಲಿ ಕುಳಿತಿರುತ್ತಿದ್ದರೆ ಆ ಉಡುಗೊರೆ ಬರುತ್ತಿತ್ತೇ ಎಂದು ಕೇಳಿದರು (ಬುಖಾರಿ, ಮುಸ್ಲಿಮ್). ಟ್ಯೂಷನ್ ಕೊಡುವ ಅಧ್ಯಾಪಕನು ಈ ಪ್ರಶ್ನೆಯನ್ನು ತನಗೇ ಹಾಕಿಕೊಳ್ಳಲಿ. ನಾನು ಈ ಮಗುವಿನ ತರಗತಿಯ ಅಧ್ಯಾಪಕನಲ್ಲದಿರುತ್ತಿದ್ದರೆ, ಇದರ ಉತ್ತರಪತ್ರಿಕೆ ನನ್ನ ಕೈಗೆ ಬರುವುದಿಲ್ಲವಾಗಿದ್ದರೆ, ಇದರ ತಂದೆ ನನ್ನ ಮನೆಗೆ ಇದನ್ನು ಕಳುಹಿಸುತ್ತಿದ್ದನೇ? ತರಗತಿಯಲ್ಲಿ ಕಷ್ಟದ ಪಾಠವನ್ನು ಓಡಿಸಿಬಿಟ್ಟು ಸಂಜೆ ಹಣ ಕೊಟ್ಟವರಿಗೆ ಅದನ್ನೇ ಬಿಡಿಸಿ ಹೇಳುವುದಾದರೆ, ಬೀಡಿ ಸುತ್ತಿ ಮಗನನ್ನು ಓದಿಸುವ ತಾಯಿಯ ಮಗ ಆ ಪಾಠವನ್ನು ಕಲಿಯುವುದೆಲ್ಲಿ? ಅವನ ಪಾಲನ್ನು ಈಗಾಗಲೇ ಸಂಬಳವಾಗಿ ಪಡೆದಾಗಿದೆ. ಅದೇ ಸರಕನ್ನು ಎರಡು ಸಲ ಮಾರುವುದಕ್ಕೆ ಯಾವ ಫಿಕ್‌ಹ್‌ನಲ್ಲೂ ಅವಕಾಶವಿಲ್ಲ.

ಇಮಾಮ್ ಅಬೂ ಹನೀಫ(ರಹ್) ರೇಷ್ಮೆ ಬಟ್ಟೆಯ ವ್ಯಾಪಾರ ಮಾಡುತ್ತಲೇ ದರ್ಸ್ ನಡೆಸಲಿಲ್ಲವೇ ಎಂದು ಕೇಳುವವರಿದ್ದಾರೆ. ಹೌದು, ನಡೆಸಿದರು. ಆದರೆ ದರ್ಸಿಗೆ ಅವರು ಯಾರಿಂದಲೂ ಸಂಬಳ ಪಡೆಯುತ್ತಿರಲಿಲ್ಲ. ಬದಲಾಗಿ ವ್ಯಾಪಾರದ ಲಾಭವನ್ನೇ ವಿದ್ವಾಂಸರಿಗೂ ಶಿಷ್ಯರಿಗೂ ಖರ್ಚು ಮಾಡುತ್ತಿದ್ದರು. ಅವರ ವೇಳೆ ಅವರದೇ ಆಗಿತ್ತು. ನಮಗೆ ಸರಿಯಾಗಿ ಹೊಂದುವ ಮಾದರಿ ಹ. ಅಬೂಬಕರ್(ರ)ರದು. ಖಲೀಫರಾದ ಮೇಲೂ ಅವರು ಎಂದಿನಂತೆ ಬಟ್ಟೆಗಳನ್ನು ಹೆಗಲ ಮೇಲೆ ಹಾಕಿಕೊಂಡು ಮಾರುಕಟ್ಟೆಗೆ ಹೊರಟರು. ದಾರಿಯಲ್ಲಿ ಹ. ಉಮರ್(ರ) ಮತ್ತು ಹ. ಅಬೂ ಉಬೈದ(ರ) ಎದುರಾದರು. ಮುಸ್ಲಿಮರ ಆಡಳಿತ ವಹಿಸಿಕೊಂಡ ಬಳಿಕ ಇದೇನೆಂದು ಅವರು ಕೇಳಿದಾಗ, ಹಾಗಾದರೆ ನನ್ನ ಮನೆಯವರಿಗೆ ಎಲ್ಲಿಂದ ಉಣಿಸಲೆಂದು ಖಲೀಫರು ಮರುಪ್ರಶ್ನಿಸಿದರು. ಆ ಪ್ರಶ್ನೆಗೆ ಅವರಿಬ್ಬರು ತಾಳ್ಮೆಯ ಉಪದೇಶ ಮಾಡಲಿಲ್ಲ. ದಿನಕ್ಕೆ ಇಂತಿಷ್ಟು ಮಾಂಸ, ಇಂತಿಷ್ಟು ಉಡುಪು ಎಂದು ಬೈತುಲ್ ಮಾಲ್‌ನಿಂದ ಗೊತ್ತುಪಡಿಸಿದರು. ಅಂದಿನಿಂದ ಅವರ ವೇಳೆ ಸಮುದಾಯದ್ದಾಯಿತು. ಅವರು ಮರಣಶಯ್ಯೆಯಲ್ಲಿದ್ದಾಗ, ಅಧಿಕಾರಕ್ಕೆ ಬಂದ ಮೇಲೆ ತಮ್ಮ ಸೊತ್ತಿನಲ್ಲಿ ಹೆಚ್ಚಾದುದನ್ನು ಮುಂದಿನ ಖಲೀಫರಿಗೆ ತಲಪಿಸಲು ಆದೇಶಿಸಿದರು. ಅದನ್ನು ಕಂಡು ಹ. ಉಮರ್(ರ) ಅತ್ತರು.

ಈ ಪ್ರಸಂಗದಲ್ಲಿ ಮೊದಲು ವರ್ತಿಸಿದವರು ಕೆಲಸ ಕೊಟ್ಟವರು ಎಂಬುದನ್ನು ನಮ್ಮ ಜಮಾಅತ್ ಕಮಿಟಿಗಳು ಗಮನಿಸಬೇಕು. ನಮ್ಮ ಅಧಿಕಾರಿಯಾಗಿರುವವನಿಗೆ ಪತ್ನಿಯಿಲ್ಲದಿದ್ದರೆ ವಿವಾಹಕ್ಕೆ, ಮನೆಯಿಲ್ಲದಿದ್ದರೆ ಮನೆಗೆ ಬೇಕಾದುದನ್ನು ಪಡೆಯಲು ಪ್ರವಾದಿವರ್ಯರು(ಸ) ಅನುಮತಿಸಿರುವರೆಂದು ಅಬೂ ದಾವೂದ್‌ನಲ್ಲಿದೆ. ಅದಕ್ಕಿಂತ ಹೆಚ್ಚು ಪಡೆದರೆ ಅದು ವಂಚನೆ. ಮೊದಲ ಭಾಗವನ್ನು ಬಿಟ್ಟು ಎರಡನೆಯದನ್ನು ಮಾತ್ರ ಉಸ್ತಾದರಿಗೆ ನೆನಪಿಸುವುದು ನ್ಯಾಯವೇ? ಮಿನಾರಕ್ಕೆ ಲಕ್ಷಗಟ್ಟಲೆ ಸಂಗ್ರಹಿಸುವ ಊರಿನಲ್ಲಿ ಉಸ್ತಾದರ ಸಂಬಳ ಕೂಲಿಯವನ ದಿನಗೂಲಿಗಿಂತ ಕಡಿಮೆಯಿರುತ್ತದೆ. ಆಮೇಲೆ ಉಸ್ತಾದರು ಅತ್ತರು ಮಾರುತ್ತಾರೆಂದು ಕಮಿಟಿಯಲ್ಲಿ ಚರ್ಚೆ! ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆಯ ಕೆಲಸಕ್ಕೆ ಕರೆದು ನಡುವಿನ ಹಗಲನ್ನೂ ತಮ್ಮದೆಂದು ಭಾವಿಸುವುದು ಕಮಿಟಿ ಮಾಡುವ ಕಡಿತ. ಆ ಹಗಲಿಗೆ ಸಂಬಳ ಕೊಟ್ಟಿದ್ದರೆ ಮಾತ್ರ ಅದರ ಮೇಲೆ ಹಕ್ಕು. ಪೂರ್ತಿ ದುಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಅಂತ್ಯದಿನ ಸ್ವತಃ ಅಲ್ಲಾಹನೇ ವಾದಿಯಾಗಿ ನಿಲ್ಲುವನೆಂಬ ಹದೀಸ್ ಅಂಗಡಿ ಮಾಲಕರಿಗೂ ಕಮಿಟಿಗಳಿಗೂ ಒಂದೇ.

ಎರಡನೆಯ ಕೆಲಸ ಯಾವುದೆಂಬುದನ್ನೂ ನೋಡಬೇಕು. ಸರಕಿಗಿಂತ ಸದಸ್ಯರನ್ನು ಸೇರಿಸುವುದರಿಂದಲೇ ಹಣ ಬರುವ ಸರಪಳಿ ಯೋಜನೆಗಳು ಮಸೀದಿಯ ಅಂಗಳದವರೆಗೂ ಬಂದಿವೆ. ಇವುಗಳಲ್ಲಿ ಕೊನೆಗೆ ಸೇರಿದವನ ಹಣ ಮೊದಲು ಸೇರಿದವನ ಜೇಬಿಗೆ ಹೋಗುತ್ತದೆ. ಸಲಾಮ್ ಹೇಳಿ ಕರೆದವನ ಮೇಲಿನ ನಂಬಿಕೆಯೇ ಇಲ್ಲಿ ಬಂಡವಾಳ. ಇದರ ಬಗ್ಗೆ ಹೆಚ್ಚು ಚರ್ಚೆ ಬೇಕಿಲ್ಲ.

ಹಲಾಲಾದ ದುಡಿಮೆಗೂ ಮಿತಿಯಿದೆ. ಹ. ಅಬುದ್ದರ್‌ದಾ(ರ) ಹಗಲು ಉಪವಾಸ, ರಾತ್ರಿ ನಮಾಝ್ ಎಂದು ಮನೆಯನ್ನು ಮರೆತಿದ್ದಾಗ ಹ. ಸಲ್ಮಾನ್(ರ) ಅವರಿಗೆ ದೇಹದ, ಮನೆಯವರ ಹಕ್ಕನ್ನು ನೆನಪಿಸಿದರು. ಪ್ರವಾದಿವರ್ಯರು(ಸ) ಅದನ್ನು ಸಮರ್ಥಿಸಿದರು. ಆರಾಧನೆಗೇ ಅನ್ವಯಿಸುವ ಈ ಮಿತಿ ಆಟೋಗೂ ಲ್ಯಾಪ್‌ಟಾಪ್‌ಗೂ ಅನ್ವಯಿಸದೇ? ಮಕ್ಕಳಿಗಾಗಿ ದುಡಿಯುತ್ತೇನೆಂದು ಹೇಳುವ ತಂದೆ ಮಕ್ಕಳು ಎಚ್ಚರವಿರುವಾಗ ಮನೆಯಲ್ಲಿರುವುದು ವಾರಕ್ಕೆ ಎಷ್ಟು ಗಂಟೆ ಎಂದು ಒಮ್ಮೆ ಲೆಕ್ಕ ಹಾಕಲಿ. ಪತ್ನಿಯರೂ ಈ ಲೆಕ್ಕದಲ್ಲಿ ಜೊತೆಗೂಡಬೇಕು. ಖರ್ಚಿನ ಪಟ್ಟಿಯಲ್ಲಿ ಮದುವೆಯ ಆಡಂಬರಕ್ಕಾಗಿ ಮಾಡಿದ ಸಾಲದ ಕಂತು ಎಷ್ಟು, ತಾಯಿಯ ಔಷಧಿಗೆ ಎಷ್ಟು ಎಂದು ಇಬ್ಬರೂ ಕುಳಿತು ನೋಡಿದರೆ, ಕೆಲವು ಮನೆಗಳಲ್ಲಿ ಎರಡನೆಯ ಕೆಲಸವೇ ಬೇಡವಾಗಬಹುದು.

ಈವರೆಗೆ ಮಾಲಕನ ವೇಳೆಯಲ್ಲಿ ಸ್ವಂತ ಸಂಪಾದನೆ ಮಾಡಿದವನು ಏನು ಮಾಡಬೇಕು? ತೌಬದಿಂದ ಅಲ್ಲಾಹನ ಹಕ್ಕು ಇತ್ಯರ್ಥವಾಗುತ್ತದೆ, ದಾಸರ ಹಕ್ಕು ಹಾಗೆಯೇ ಉಳಿಯುತ್ತದೆ. ಎಷ್ಟು ಗಂಟೆಯೆಂದು ನಿಖರವಾಗಿ ನೆನಪಿಲ್ಲದಿದ್ದರೆ ಮನಸ್ಸಿಗೆ ಬಲವಾಗಿ ತೋಚುವಷ್ಟನ್ನು ಲೆಕ್ಕ ಹಿಡಿದು, ಆ ಗಂಟೆಗಳ ಸಂಬಳವನ್ನು ಮಾಲಕನಿಗೆ ಮರಳಿಸಬೇಕು. ಅಥವಾ ಹೇಳಿ ಕ್ಷಮೆ ಪಡೆಯಬೇಕು. ಅಥವಾ ಅವನ ಒಪ್ಪಿಗೆಯಿಂದ ಅಷ್ಟು ಗಂಟೆ ಹೆಚ್ಚು ದುಡಿಯಬೇಕು. ಸರಕಾರದ ವೇಳೆಯಾಗಿದ್ದರೆ ಖಜಾನೆಗೆ ಸಲ್ಲಬೇಕು. ಮಾಲಕನಿಗೆ ಹೇಳಲು ನಾಚಿಕೆ, ಆ ಮೊತ್ತವನ್ನು ಮಸೀದಿಗೆ ಕೊಟ್ಟುಬಿಡುತ್ತೇನೆ ಎನ್ನುವವರಿದ್ದಾರೆ. ಹಕ್ಕುದಾರನೂ ಅವನ ವಾರೀಸುದಾರರೂ ಪತ್ತೆಯಾಗದಿದ್ದಾಗ ಮಾತ್ರ ಪುಣ್ಯದ ಆಸೆಯಿಲ್ಲದೆ ಬಡವರಿಗೆ ಕೊಡುವ ದಾರಿಯಿದೆ. ಮಾಲಕನ ಅಂಗಡಿ ಎದುರಿಗೇ ತೆರೆದಿರುವಾಗ ಆ ಹಣ ಮಸೀದಿಯ ಡಬ್ಬಿಗೆ ಸಲ್ಲುವುದಲ್ಲ.